ಮೆಕ್ಕೆಜೋಳದ ಬೆಂಡಿನಿಂದ ಎಥನಾಲ್: ಪ್ರಿಟ್ರೀಟ್‌ಮೆಂಟ್‌ಗೆ ಆಸಿಡ್ಡೋ, ಕಾಸ್ಟಿಕ್ಕೋ?

ತುಂಗಭದ್ರಾ_22
ಎಲ್ಲರಿಗೂ ನಮಸ್ಕಾರ. ನಾನು ಬಯೋಟೆಕ್ನಾಲಜಿ ಬಿಇ ಕೊನೇ ವರ್ಷದಲ್ಲಿದ್ದೇನೆ. ಊರು ರಾಣೇಬೆನ್ನೂರು ಕಡೆ. ನಮ್ಮಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ಒಕ್ಕಣೆ ಮುಗಿದ ಮೇಲೆ ಬೆಂಡಿನ ರಾಶಿ ಕಣದಲ್ಲೇ ಬಿದ್ದಿರುತ್ತದೆ. ಅದರಿಂದ ಎಥನಾಲ್ ತೆಗೆಯುವ ಪ್ರಾಜೆಕ್ಟ್ ಹಾಕಿಕೊಂಡಿದ್ದೇವೆ. ಮೊದಲು ಪ್ರಿಟ್ರೀಟ್‌ಮೆಂಟ್, ಅಂದರೆ ಬೆಂಡನ್ನು ಹದ ಮಾಡುವ ವಿಧಾನ, ಯಾವುದು ಅಂತ ತೀರ್ಮಾನ ಮಾಡಿ ಬನ್ನಿ ಅಂತಾರೆ ನಮ್ಮ ಗೈಡ್. ಓದುತ್ತಾ ಹೋದರೆ ತಲೆ ಕೆಡುತ್ತದೆ. ಒಬ್ಬರು ಆಸಿಡ್ ಅಂತಾರೆ, ಇನ್ನೊಬ್ಬರು ಕಾಸ್ಟಿಕ್ ಸೋಡಾ, ಮತ್ತೊಬ್ಬರು ಮೈಕ್ರೋವೇವ್, ಅಯಾನಿಕ್ ಲಿಕ್ವಿಡ್. ಎಲ್ಲರಿಗೂ 90% ಸಕ್ಕರೆ ಸಿಕ್ಕಿದೆಯಂತೆ! ನಮ್ಮ ಲ್ಯಾಬಿನಲ್ಲಿ ಇರುವುದು ಆಟೋಕ್ಲೇವ್ (ದೊಡ್ಡ ಪ್ರೆಶರ್ ಕುಕ್ಕರ್ ಥರದ್ದು), ಓವನ್, ಸ್ಪೆಕ್ಟ್ರೋಫೋಟೋಮೀಟರ್, ಒಂದು ಮಿಕ್ಸಿ. ಯಾವುದು ಬೆಸ್ಟ್ ಹೇಳ್ತೀರಾ?

ಕುದಿಗಡಿಗೆ
ಯಾವುದು ಬೆಸ್ಟ್ ಅನ್ನೋದು ಆಮೇಲೆ ನೋಡೋಣ. ಮೊದಲು ಬೆಂಡಿನೊಳಗೆ ಏನಿದೆ ನೋಡಿ.

ಜೋಳದ ಕಾಳಿನಲ್ಲಿರುವುದು ಪಿಷ್ಟ, ಬೆಂಡಿನಲ್ಲಿರುವುದು ಸೆಲ್ಯುಲೋಸ್. ಎರಡೂ ಗ್ಲೂಕೋಸಿನ ಸರಪಳಿಗಳೇ. ಆದರೆ ಪಿಷ್ಟವನ್ನು ಬೇಯಿಸಿ ಎನ್‌ಜೈಮ್ ಹಾಕಿದರೆ ಸಾಕು, ಕರಗಿ ಸಕ್ಕರೆಯಾಗುತ್ತದೆ. ಸೆಲ್ಯುಲೋಸಿನ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಅದರ ಸುತ್ತ ಹೆಮಿಸೆಲ್ಯುಲೋಸ್ ಅನ್ನುವ ಇನ್ನೊಂದು ಸಕ್ಕರೆ ಸರಪಳಿ, ಅದರ ಮೇಲೆ ಲಿಗ್ನಿನ್ ಅನ್ನುವ ಗಟ್ಟಿ ಅಂಟು. ಬೆಂಡನ್ನು ಪುಡಿ ಮಾಡಿ ನೇರವಾಗಿ ಎನ್‌ಜೈಮ್ ಸುರಿದರೆ, ಸುಲಿಯದ ತೆಂಗಿನಕಾಯಿಯನ್ನು ಕಲ್ಲಿಗೆ ಕುಕ್ಕಿದ ಹಾಗೆ. ಒಳಗಿರುವ ಸಕ್ಕರೆಯಲ್ಲಿ ಐದರಲ್ಲಿ ಒಂದು ಪಾಲು ಬಂದರೆ ಅದೇ ಹೆಚ್ಚು. ಈ ಕಟ್ಟನ್ನು ಬಿಡಿಸುವ ಕೆಲಸಕ್ಕೇ ಪ್ರಿಟ್ರೀಟ್‌ಮೆಂಟ್ ಅನ್ನೋದು.

ಬೆಂಡಿನ ವಿಶೇಷ ಏನು ಗೊತ್ತಾ? ಹೆಮಿಸೆಲ್ಯುಲೋಸ್ ಸಿಕ್ಕಾಪಟ್ಟೆ. ಸುಮಾರು ಮೂರನೇ ಒಂದು ಭಾಗ, ಅಂದರೆ ಸೆಲ್ಯುಲೋಸಿನಷ್ಟೇ. ಲಿಗ್ನಿನ್ 15%ರ ಆಸುಪಾಸು. ಭತ್ತದ ಹುಲ್ಲಿನಲ್ಲಿ ಹೀಗಿಲ್ಲ. ಅಲ್ಲಿ ಬೂದಿಯೇ 12ರಿಂದ 18%, ಅದರಲ್ಲಿ ಬಹುಪಾಲು ಸಿಲಿಕಾ. ಹತ್ತಿ ಕಟ್ಟಿಗೆಯಲ್ಲಿ ಲಿಗ್ನಿನ್ ಇನ್ನೂ ಜಾಸ್ತಿ, ಅದು ಮರದ ಜಾತಿಗೇ ಹತ್ತಿರ. ಹಾಗಾಗಿ ಪಂಜಾಬಿನ ಹುಲ್ಲಿಗೆ ಒಗ್ಗಿದ ವಿಧಾನ ರಾಣೇಬೆನ್ನೂರಿನ ಬೆಂಡಿಗೆ ಒಗ್ಗಬೇಕು ಅಂತೇನಿಲ್ಲ.

ಇನ್ನು ಆಸಿಡ್, ಕಾಸ್ಟಿಕ್ ವಿಚಾರ. ಬಿಸಿ ಮಾಡಿದ ದುರ್ಬಲ ಗಂಧಕಾಮ್ಲ ಹೆಮಿಸೆಲ್ಯುಲೋಸನ್ನು ಕರಗಿಸಿ ಕ್ಸೈಲೋಸ್ ಸಕ್ಕರೆ ಮಾಡುತ್ತದೆ. ಲಿಗ್ನಿನ್ ಬಹುತೇಕ ಅಲ್ಲೇ ಉಳಿಯುತ್ತದೆ. ಕಾಸ್ಟಿಕ್ ಉಲ್ಟಾ. ಲಿಗ್ನಿನ್ ಕರಗಿ ಹೊರಬರುತ್ತದೆ, ಹೆಮಿಸೆಲ್ಯುಲೋಸ್ ಒಂದಿಷ್ಟು ಹೋದರೂ ಹೆಚ್ಚಿನದು ಗಟ್ಟಿಯಲ್ಲೇ ಉಳಿಯುತ್ತದೆ. ಈಗ ನೀವು ಹೇಳಿ: ಆ ಮೂರನೇ ಒಂದು ಭಾಗದ ಕ್ಸೈಲೋಸನ್ನು ಏನು ಮಾಡ್ತೀರಿ? ಅದಕ್ಕೆ ಉತ್ತರ ಸಿಕ್ಕರೆ ಪ್ರಿಟ್ರೀಟ್‌ಮೆಂಟ್ ತಾನಾಗಿಯೇ ತೀರ್ಮಾನವಾಗುತ್ತದೆ.

ತುಂಗಭದ್ರಾ_22
ಯೀಸ್ಟ್ ಹಾಕಿ ಅದನ್ನೂ ಎಥನಾಲ್ ಮಾಡ್ತೀವಿ ಅಂದುಕೊಂಡಿದ್ವಿ ಸರ್.

ಹುಳಿಯೀಸ್ಟ್
ಬೇಕರಿ ಯೀಸ್ಟ್ ಕ್ಸೈಲೋಸ್ ಮುಟ್ಟೋದೂ ಇಲ್ಲಮ್ಮ. ಕಾರ್ಖಾನೆಗಳಲ್ಲಿ ಅದಕ್ಕೇ ಅಂತ ಜೀನ್ ತಿದ್ದಿದ ಯೀಸ್ಟ್ ಇಟ್ಟುಕೊಂಡಿರುತ್ತಾರೆ. ಸಹಜವಾಗಿ ಕ್ಸೈಲೋಸ್ ತಿನ್ನುವ ಪಿಕಿಯಾ ಸ್ಟಿಪಿಟಿಸ್ ಇದೆ, ಈಗ ಅದಕ್ಕೆ ಬೇರೆ ಕುಲದ ಹೆಸರು ಕೊಟ್ಟಿದ್ದಾರೆ. ಆದರೆ ಅದು ನಿಧಾನ. ಸ್ವಲ್ಪವೇ ಗಾಳಿ ಬೇಕು, ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಆಲ್ಕೋಹಾಲ್ ಸ್ವಲ್ಪ ಏರಿದರೆ ಅದೇ ಸುಸ್ತಾಗುತ್ತದೆ.

ಇನ್ನೊಂದು ತೊಂದರೆ ಇದೆ. ಆಸಿಡ್ ಹಾಕಿ ಜಾಸ್ತಿ ಬಿಸಿ ಮಾಡಿದರೆ ಕ್ಸೈಲೋಸ್ ಒಡೆದು ಫರ್‌ಫ್ಯೂರಲ್ ಆಗುತ್ತದೆ. ಬಾಟಲಿ ಮುಚ್ಚಳ ತೆಗೆದಾಗ ಬಾದಾಮಿಯಂಥ ವಾಸನೆ ಬಂತು ಅಂದರೆ ಅದೇ. ಜೊತೆಗೆ ಬೆಂಡಿನಿಂದಲೇ ಅಸಿಟಿಕ್ ಆಮ್ಲ ಬಿಡುಗಡೆಯಾಗಿರುತ್ತದೆ. ಎರಡೂ ಸೇರಿದರೆ ಯೀಸ್ಟ್ ಏಳುವುದೇ ಇಲ್ಲ. ಮಕ್ಕಳು ಬಂದು "ಮೇಡಂ, ಸಕ್ಕರೆ ಇದೆ, ಗುಳ್ಳೆ ಬರ್ತಿಲ್ಲ" ಅಂತಾರೆ. ಯೀಸ್ಟಿನದ್ದು ಏನೂ ತಪ್ಪಿಲ್ಲ ಪಾಪ.

ಹೊಲದ ಬದು
ನಾನು ಹೊನ್ನಾಳಿ ಕಡೆ ಮೆಕ್ಕೆಜೋಳ ಬೆಳೆಯುವವನು. ತಂಗಿ, ಬೆಂಡು ಕಣದಲ್ಲೇ ಬಿದ್ದಿರುತ್ತದೆ ಅಂದಿರಲ್ಲ, ಸುಮ್ನೆ ಬಿದ್ದಿರುವುದಿಲ್ಲ. ಒಲೆಗೆ ಹೋಗುತ್ತದೆ, ಇಟ್ಟಿಗೆ ಭಟ್ಟಿಗೆ ಹೋಗುತ್ತದೆ, ಫ್ಯಾಕ್ಟರಿ ಬಾಯ್ಲರಿಗೆ ಅಂತ ಟ್ರ್ಯಾಕ್ಟರ್ ತಂದು ಕೊಂಡುಹೋಗುವವರೂ ಇದ್ದಾರೆ. ಆಮೇಲೆ ಈಗ ಕಂಬೈನ್ ಬಂದಿದೆ. ಅದು ಕಾಳು ಟ್ಯಾಂಕಿಗೆ ತುಂಬಿಕೊಂಡು ಬೆಂಡನ್ನು ಚೂರು ಮಾಡಿ ಹೊಲದಲ್ಲೇ ಉಗುಳಿಕೊಂಡು ಹೋಗುತ್ತದೆ. ಅದನ್ನು ಆರಿಸುವವರು ಯಾರು? ಕೂಲಿ ಎಷ್ಟು? ಮೊದಲು ಅದರ ಲೆಕ್ಕ ಹಾಕಿ, ಆಸಿಡ್ ಆಮೇಲೆ.

ಇನ್ನೊಂದು ಮಾತು. ನೀವೆಲ್ಲ ಪ್ರಿಟ್ರೀಟ್‌ಮೆಂಟ್ ಪ್ರಿಟ್ರೀಟ್‌ಮೆಂಟ್ ಅಂತಿದ್ದೀರಿ. ನಾವು ಹುಲ್ಲಿಗೆ ಯೂರಿಯಾ ಹಾಕುವುದೂ ಅದೇ ಏನು? ಪಶು ವೈದ್ಯರು ಹೇಳಿಕೊಟ್ಟಿದ್ದು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ. 40–50 ಲೀಟರ್ ನೀರಿನಲ್ಲಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ತಾಡಪಾಲು ಹೊದಿಸಿ ಗಾಳಿಯಾಡದ ಹಾಗೆ ಮೂರು ವಾರ ಬಿಡುವುದು. ತೆಗೆದಾಗ ಕಣ್ಣು ಉರಿಯುವಷ್ಟು ಘಾಟು. ಹುಲ್ಲು ಮೆತ್ತಗಾಗಿ, ಬಣ್ಣ ಕಂದಾಗಿರುತ್ತದೆ. ಸ್ವಲ್ಪ ಹೊತ್ತು ಹರಡಿ ಘಾಟು ಹೋದ ಮೇಲೆ ಹಾಕಿದರೆ ಎಮ್ಮೆ ಬುಡಸಮೇತ ತಿನ್ನುತ್ತದೆ.

ಕುದಿಗಡಿಗೆ
ಅಣ್ಣಾ, ಅದೇ! ನೀವು ಮಾಡುತ್ತಿರುವುದು ಅಮೋನಿಯಾ ಪ್ರಿಟ್ರೀಟ್‌ಮೆಂಟ್. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಅದು ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್ ನಡುವಿನ ಕೊಂಡಿಗಳನ್ನು ಬಿಡಿಸುತ್ತದೆ. ಎಮ್ಮೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಒಳಗೆ ಹೋಗಲು ದಾರಿ ಸಿಗುತ್ತದೆ. ನಾವು ಟ್ಯಾಂಕಿನಲ್ಲಿ ಎನ್‌ಜೈಮ್ ಹಾಕಿ ಮಾಡುವ ಕೆಲಸವನ್ನು ಅವು ಹೊಟ್ಟೆಯಲ್ಲಿ ಮಾಡುತ್ತವೆ.

ಅಮೆರಿಕದ ಮಿಶಿಗನ್‌ನಲ್ಲಿ ಬ್ರೂಸ್ ಡೇಲ್ ಅನ್ನುವ ಪ್ರೊಫೆಸರ್ ಇದನ್ನೇ ಒತ್ತಡದ ಪಾತ್ರೆಯಲ್ಲಿ ಮಾಡಿದರು. ಅಮೋನಿಯಾ ಜೊತೆ ಹುಲ್ಲನ್ನು ಸುಮಾರು 100 ಡಿಗ್ರಿಗೆ ಬಿಸಿ ಮಾಡಿ, ಒತ್ತಡವನ್ನು ಥಟ್ಟನೆ ಬಿಟ್ಟುಬಿಡುವುದು. ನಾರು ಉಬ್ಬಿ ಬಿಡಿಸಿಕೊಳ್ಳುತ್ತದೆ. ಎಎಫ್‌ಇಎಕ್ಸ್ ಅಂತ ಕರೆಯುತ್ತಾರೆ. ನಿಮ್ಮ ಮೂರು ವಾರದ ಕೆಲಸ ಅರ್ಧ ಗಂಟೆಯೊಳಗೆ ಆಗುತ್ತದೆ. ಆದರೆ ಅಮೋನಿಯಾವನ್ನು ಹಿಡಿದು ಮತ್ತೆ ಬಳಸಲೇಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಆ ಯಂತ್ರದ ಖರ್ಚೇ ದೊಡ್ಡದು.

ಹುಳಿಯೀಸ್ಟ್
ಓದುವ ರೈತರಿಗೆ: ಯೂರಿಯಾ ಹುಲ್ಲನ್ನು ಆರು ತಿಂಗಳೊಳಗಿನ ಕರುಗಳಿಗೆ ಕೊಡಬೇಡಿ. ಅಳತೆಯನ್ನೂ ಅಂದಾಜಿನಲ್ಲಿ ಹಾಕಬೇಡಿ.

ಬಾಯ್ಲರ್‌ಮನೆ
ಮುಧೋಳ ಕಡೆ ಸಕ್ಕರೆ ಕಾರ್ಖಾನೆಯಲ್ಲಿದ್ದೇನೆ. ಈ 2ಜಿ ಎಥನಾಲ್, ಅದೇ ಹುಲ್ಲು, ಬೆಂಡಿನಂಥ ಉಳಿಕೆಯಿಂದ ತೆಗೆಯುವ ಎಥನಾಲ್, ಅಂದರೆ ನನಗೆ ಸ್ವಲ್ಪ ಅನುಮಾನವೇ. ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಘಟಕವನ್ನು 2022ರ ಆಗಸ್ಟ್ 10ರಂದು ಪ್ರಧಾನಿ ಉದ್ಘಾಟಿಸಿದರು. ಪುಣೆಯ ಪ್ರಾಜ್ ಕಂಪನಿಯ ತಂತ್ರಜ್ಞಾನ, 900 ಕೋಟಿಗೂ ಮೇಲೆ ಖರ್ಚು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಅಂತ ಹೇಳಿದ್ದರು. ಭಾಗಿಸಿ ನೋಡಿ. ಟನ್ನಿಗೆ 150 ಲೀಟರ್. ಅದೇ ಒಂದು ಟನ್ ಮೆಕ್ಕೆಜೋಳದ ಕಾಳಿನಿಂದ 380 ಲೀಟರ್ ಹತ್ತಿರ ಬರುತ್ತದೆ, ಆಸಿಡ್ ಇಲ್ಲ, ದೊಡ್ಡ ಒತ್ತಡ ಇಲ್ಲ. ಹೀಗಿರುವಾಗ ಬೆಂಡಿಗೆ ಯಾಕೆ ಕೈ ಹಾಕಬೇಕು?

ಕುದಿಗಡಿಗೆ
ಪ್ರಶ್ನೆ ಸರಿಯಾಗಿದೆ. ಲೆಕ್ಕ ಪೂರ್ತಿ ಹಾಕೋಣ, ಎಲ್ಲಿ ಸೋರುತ್ತದೆ ಅಂತ ಗೊತ್ತಾಗುತ್ತದೆ.

ಚೆನ್ನಾಗಿ ಒಣಗಿದ ಒಂದು ಟನ್ ಹುಲ್ಲು ತೆಗೆದುಕೊಳ್ಳಿ. ಸೆಲ್ಯುಲೋಸ್ 370 ಕಿಲೋ ಅಂತ ಇಟ್ಟುಕೊಳ್ಳೋಣ. ಒಡೆಯುವಾಗ ನೀರು ಸೇರುವುದರಿಂದ ಗ್ಲೂಕೋಸ್ 411 ಕಿಲೋ ಆಗುತ್ತದೆ. ಯೀಸ್ಟ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅದರಲ್ಲಿ 51% ಮಾತ್ರ ಎಥನಾಲ್, ಉಳಿದದ್ದು ಇಂಗಾಲದ ಡೈಆಕ್ಸೈಡ್. ಅಂದರೆ 210 ಕಿಲೋ, ಸುಮಾರು 266 ಲೀಟರ್. ಹೆಮಿಸೆಲ್ಯುಲೋಸ್ 200 ಕಿಲೋ ಅಂತ ಹಿಡಿದರೆ ಅದರಿಂದ ಇನ್ನೂ 145 ಲೀಟರ್ ಚಿಲ್ಲರೆ. ಒಟ್ಟು 400ರ ಮೇಲೆ. ಇದು ಕಾಗದದ ಮೇಲಿನ ಗರಿಷ್ಠ.

ಈ 400, 150 ಆಗುವುದು ಹೇಗೆ? ಹುಲ್ಲು ಅಷ್ಟು ಒಣಗಿರುವುದಿಲ್ಲ, ಮಣ್ಣೂ ಸೇರಿರುತ್ತದೆ. ಪ್ರಿಟ್ರೀಟ್‌ಮೆಂಟ್‌ನಲ್ಲಿ ಒಂದಿಷ್ಟು ಸಕ್ಕರೆ ಸುಟ್ಟು ಫರ್‌ಫ್ಯೂರಲ್ ಆಗುತ್ತದೆ. ಎನ್‌ಜೈಮ್ ಒಂದಿಷ್ಟನ್ನು ಬಿಟ್ಟುಬಿಡುತ್ತದೆ. ಲಿಗ್ನಿನ್ ಆ ಎನ್‌ಜೈಮನ್ನು ತಾನೇ ಅಂಟಿಸಿಕೊಂಡು ಕೂರುತ್ತದೆ, ಅದು ದುಡ್ಡು ಕೊಟ್ಟು ತಂದ ಎನ್‌ಜೈಮ್. ಕ್ಸೈಲೋಸ್ ಪೂರ್ತಿ ಹುದುಗುವುದಿಲ್ಲ. ಈ ಪಟ್ಟಿಯಲ್ಲಿ ಹೆಚ್ಚಿನವು ಹುಟ್ಟುವುದು ಮೊದಲ ಪಾತ್ರೆಯಲ್ಲೇ. ಅಲ್ಲಿ ಕೆಟ್ಟರೆ ಮುಂದಿನ ಎಲ್ಲ ಟ್ಯಾಂಕುಗಳಲ್ಲೂ ನಷ್ಟ.

ಕಾಳಿನಿಂದ ಎಥನಾಲ್ ಸುಲಭ, ನಿಜ. ಆದರೆ ಕಾಳನ್ನು ಕೋಳಿ ತಿನ್ನುತ್ತದೆ. ಮೆಕ್ಕೆಜೋಳ ಎಥನಾಲಿಗೆ ಹೋದಷ್ಟೂ ಕೋಳಿ ಆಹಾರದ ರೇಟ್ ಏರುತ್ತದೆ. ಬೆಂಡಿಗೆ ಆ ಜಗಳ ಇಲ್ಲ.

ಬಾಯ್ಲರ್‌ಮನೆ
ಕೋಳಿ ಜಗಳ ಇಲ್ಲ, ಬಾಯ್ಲರ್ ಜಗಳ ಇದೆ. ನಮ್ಮಲ್ಲಿ ಕಬ್ಬಿನ ಸಿಪ್ಪೆ ಅಷ್ಟೂ ಬಾಯ್ಲರಿಗೇ. ಅದರಿಂದ ಸ್ಟೀಮ್, ಸ್ಟೀಮಿನಿಂದ ಕರೆಂಟು, ಉಳಿದ ಕರೆಂಟು ಗ್ರಿಡ್ಡಿಗೆ. ಸಿಪ್ಪೆ ಎಥನಾಲಿಗೆ ಕೊಟ್ಟರೆ ಬಾಯ್ಲರಿಗೆ ಏನು ಹಾಕಬೇಕು? ಹೊಲದಲ್ಲಿ ಕಬ್ಬಿನ ರವದಿ (ಒಣಗಿದ ಎಲೆ) ಸುಡುತ್ತಾರೆ, ಅದನ್ನಾದರೂ ತನ್ನಿ ಅಂದರೆ ಅದರ ತುಂಬಾ ಮಣ್ಣು.

ಅಯೋವಾ ಕನ್ನಡಿಗ
ಮಣ್ಣಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಾನಿರುವುದು ಅಮೆರಿಕದ ಅಯೋವಾ ರಾಜ್ಯದ ಏಮ್ಸ್‌ನಲ್ಲಿ. ಪಕ್ಕದಲ್ಲೇ ನೆವಾಡಾ ಅಂತ ಊರು. ಅಲ್ಲಿ ಡ್ಯೂಪಾಂಟ್ ಕಂಪನಿ 2015ರ ಅಕ್ಟೋಬರಿನಲ್ಲಿ ಮೆಕ್ಕೆಜೋಳದ ದಂಟಿನಿಂದ ಎಥನಾಲ್ ಮಾಡುವ ದೊಡ್ಡ ಘಟಕ ತೆರೆಯಿತು. ವರ್ಷಕ್ಕೆ 3 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ 11 ಕೋಟಿ ಲೀಟರ್‌ಗೂ ಮೇಲಿನ ಸಾಮರ್ಥ್ಯ. ಅವರದ್ದೂ ಅಮೋನಿಯಾ ಪ್ರಿಟ್ರೀಟ್‌ಮೆಂಟೇ. ಎರಡೇ ವರ್ಷದಲ್ಲಿ ಕೈ ತೊಳೆದುಕೊಂಡರು. 2018ರಲ್ಲಿ ಜರ್ಮನಿಯ ವರ್ಬಿಯೋ ಕಂಪನಿ ಕೊಂಡುಕೊಂಡಿತು. ಆಮೇಲೆ ಅಲ್ಲಿ ದಂಟಿನಿಂದ ಗ್ಯಾಸ್ ತೆಗೆಯತೊಡಗಿದರು. ಅದೇ ವರ್ಬಿಯೋ ಪಂಜಾಬಿನ ಸಂಗ್ರೂರ್ ಜಿಲ್ಲೆಯ ಲೆಹ್ರಾಗಾಗದಲ್ಲಿ ಭತ್ತದ ಹುಲ್ಲಿನ ಬಯೋಗ್ಯಾಸ್ ಘಟಕ ಹಾಕಿದೆ. 2022ರಲ್ಲಿ ಶುರುವಾಯಿತು, ದಿನಕ್ಕೆ 33 ಟನ್ ಗ್ಯಾಸಿನ ಸಾಮರ್ಥ್ಯ.

ಅಯೋವಾದಲ್ಲೇ ಎಮೆಟ್ಸ್‌ಬರ್ಗ್‌ನಲ್ಲಿ ಪೊಯೆಟ್-ಡಿಎಸ್‌ಎಂ ಘಟಕ ಇತ್ತು. 2014ರಲ್ಲಿ ಶುರು. ಅವರು ಬಳಸಿದ್ದು ನಿಮ್ಮ ಬೆಂಡನ್ನೇ, ಜೊತೆಗೆ ತೆನೆಯ ಸಿಪ್ಪೆ, ಎಲೆ. ಪ್ರಿಟ್ರೀಟ್‌ಮೆಂಟ್ ಹಂತವೇ ಕೈಕೊಡುತ್ತಿದೆ ಅಂತ ಅವರೇ ಒಪ್ಪಿಕೊಂಡರು. 2019ರ ಕೊನೆಯಲ್ಲಿ ಎಥನಾಲ್ ಉತ್ಪಾದನೆ ನಿಲ್ಲಿಸಿದರು. ಕನ್ಸಾಸ್‌ನ ಅಬೆಂಗೋವಾ, ಇಟಲಿಯ ಕ್ರೆಸೆಂಟಿನೋ, ರೊಮೇನಿಯಾದ ಪೊಡಾರಿಯಲ್ಲಿ ಕ್ಲಾರಿಯಂಟ್, ಎಲ್ಲಾ ಇದೇ ಸಾಲಿನಲ್ಲಿ ಬಾಗಿಲು ಹಾಕಿದವು.

ಇಲ್ಲಿ ದಂಟನ್ನು ರೇಕ್ ಹಾಕಿ ಗುಡ್ಡೆ ಮಾಡಿ ಬೇಲ್ ಕಟ್ಟುತ್ತಾರೆ. ರೇಕ್ ನೆಲ ಕೆರೆದಷ್ಟೂ ಮಣ್ಣು, ಕಲ್ಲು ಬೇಲ್ ಒಳಗೆ. ಒತ್ತಡದ ಪಾತ್ರೆಗೆ ಹುಲ್ಲನ್ನು ತುರುಕುವ ಸ್ಕ್ರೂ ಇರುತ್ತದಲ್ಲ, ಮರಳು ಅದರ ಹಲ್ಲನ್ನು ತಿಂದುಬಿಡುತ್ತದೆ. ಒದ್ದೆ ಬೇಲ್ ಬಂದರೆ ಸ್ಕ್ರೂ ಕಟ್ಟಿಕೊಳ್ಳುತ್ತದೆ. ಒಂದು ಸಲ ಕಟ್ಟಿಕೊಂಡರೆ ಇಡೀ ಘಟಕ ನಿಲ್ಲಬೇಕು. ಲ್ಯಾಬಿನ ಬಾಟಲಿಯಲ್ಲಿ ಇದು ಗೊತ್ತಾಗುವುದೇ ಇಲ್ಲ.

ಹೊಲದ ಬದು
ಹರಿಹರದ ಹತ್ತಿರ ಎಂಆರ್‌ಪಿಎಲ್‌ನವರು ದಿನಕ್ಕೆ 60 ಸಾವಿರ ಲೀಟರಿನ ಘಟಕ ಹಾಕುತ್ತಾರೆ, ಬೆಂಡು ದಂಟು ಕೊಳ್ಳುತ್ತಾರೆ ಅಂತ ಪೇಪರಿನಲ್ಲಿ ಬಂದು ಎಷ್ಟೋ ವರ್ಷವಾಯಿತು. ನಮಗೆ ಕೇಳಿಸಿದ್ದು ಅಷ್ಟೇ.

ಅಯೋವಾ ಕನ್ನಡಿಗ
ವರ್ಷಗಟ್ಟಲೆ ನಡೆದದ್ದೂ ಇದೆ. ಬ್ರೆಜಿಲ್‌ನ ರೈಝೆನ್, ಪಿರಾಸಿಕಾಬಾದ ಸಕ್ಕರೆ ಕಾರ್ಖಾನೆ ಪಕ್ಕದಲ್ಲೇ ಕಬ್ಬಿನ ಸಿಪ್ಪೆಯ ಘಟಕ ಹಾಕಿತು. ಅಲ್ಲಿಗೆ ಸಿಪ್ಪೆ ಬೆಲ್ಟಿನ ಮೇಲೆ ತಾನಾಗಿ ಬರುತ್ತಿತ್ತು. ಗಾಣದಲ್ಲಿ ಅರೆದು, ನೀರಿನಲ್ಲಿ ತೊಳೆದದ್ದು. ಬೇಲ್ ಇಲ್ಲ, ರೇಕ್ ಇಲ್ಲ. ಅವರು ಅಷ್ಟು ಕಾಲ ನಡೆಸಿದ್ದಕ್ಕೆ ಅರ್ಧ ಕಾರಣ ಅದೇ ಅಂತ ನನ್ನ ಅನಿಸಿಕೆ.

ದಾಂಡೇಲಿ ಮಳೆ
ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಈ ಚರ್ಚೆ ಓದಿ ನಗು ಬಂತು. ಲಿಗ್ನಿನ್ ಬಿಡಿಸುವುದೇನು ಹೊಸ ವಿದ್ಯೆ? ದಾಂಡೇಲಿಯಲ್ಲಿ ಮರವನ್ನು ಕಾಸ್ಟಿಕ್ ಮತ್ತು ಸಲ್ಫೈಡಿನಲ್ಲಿ ಬೇಯಿಸಿ ಲಿಗ್ನಿನ್ ತೆಗೆಯುವುದು ದಶಕಗಳಿಂದ ನಡೆದಿದೆ. ಹರಿಹರದ ಎದುರಿಗೆ, ಹೊಳೆ ಆಚೆ ಕುಮಾರಪಟ್ಟಣದಲ್ಲಿ ರೇಯಾನ್ ಬಟ್ಟೆಗೆ ಬೇಕಾದ ಪಲ್ಪ್ ಮಾಡುತ್ತಾರೆ. ರೇಯಾನಿಗೆ ಹೆಮಿಸೆಲ್ಯುಲೋಸ್ ಇರಬಾರದು. ಹಾಗಾಗಿ ಆ ಜಾತಿಯ ಪಲ್ಪಿಗೆ ಮೊದಲು ಸ್ಟೀಮಿನಲ್ಲಿ ಅದನ್ನು ಕರಗಿಸಿ, ಆಮೇಲೆ ಲಿಗ್ನಿನ್ ತೆಗೆಯುವುದು ರೂಢಿ. ನೀವು ಹೇಳುವ ಎರಡೂ ಹಂತ ಅಲ್ಲೇ ಇದೆ, ಅಲ್ವಾ?

ವ್ಯತ್ಯಾಸ ಇರುವುದು ಕಪ್ಪು ನೀರಿನಲ್ಲಿ. ನಾವು ಲಿಗ್ನಿನ್ ತುಂಬಿದ ಕಪ್ಪು ದ್ರಾವಣವನ್ನು ಚೆಲ್ಲುವುದಿಲ್ಲ. ಇಂಗಿಸಿ ಗಟ್ಟಿ ಮಾಡಿ ರಿಕವರಿ ಬಾಯ್ಲರಿನಲ್ಲಿ ಸುಡುತ್ತೇವೆ. ಲಿಗ್ನಿನ್ ಉರಿದು ಸ್ಟೀಮ್ ಕೊಡುತ್ತದೆ, ತಳದಲ್ಲಿ ಸೋಡಾ ವಾಪಸ್ ಬರುತ್ತದೆ. ಅದನ್ನು ಸುಣ್ಣ ಹಾಕಿ ಮತ್ತೆ ಕಾಸ್ಟಿಕ್ ಮಾಡುತ್ತೇವೆ. ರಿಕವರಿ ಇಲ್ಲದೆ ಕಾಸ್ಟಿಕ್ ಬಳಸುವುದು ಅಂದರೆ ದುಡ್ಡನ್ನು ಹೊಳೆಗೆ ಬಿಟ್ಟ ಲೆಕ್ಕ, ಹೊಳೆಗೂ ಕೇಡು. ಭತ್ತದ ಹುಲ್ಲಾದರೆ ಇನ್ನೊಂದು ಪೀಡೆ. ಕಾಸ್ಟಿಕ್ ಸಿಲಿಕಾವನ್ನೂ ಕರಗಿಸುತ್ತದೆ. ಇಂಗಿಸುವಾಗ ಅದು ಕೊಳವೆಗಳ ಒಳಗೆ ಪೊರೆ ಕಟ್ಟುತ್ತದೆ. ಹುಲ್ಲಿನ ಪಲ್ಪ್ ಮಾಡಿದವರನ್ನು ಕೇಳಿ, ಗೋಳು ಹೇಳುತ್ತಾರೆ. ಬೆಂಡಿಗೆ ಆ ತಾಪತ್ರಯ ಕಡಿಮೆ.

ತುಂಗಭದ್ರಾ_22
ಇಷ್ಟೆಲ್ಲಾ ಓದಿ ಪ್ರಾಜೆಕ್ಟೇ ಬೇಡ ಅನ್ನಿಸ್ತು 😅 ಆದರೂ ಕೇಳ್ತೀನಿ. ಪೇಪರುಗಳಲ್ಲಿ 180 ಡಿಗ್ರಿ ಅಂತಿದೆ. ನಮ್ಮ ಆಟೋಕ್ಲೇವ್ 121ಕ್ಕೇ ನಿಲ್ಲುತ್ತೆ. ಆಗುತ್ತಾ?

ಕುದಿಗಡಿಗೆ
ಬೇಡ ಅನ್ನಬೇಡಿ. ಬೆಂಡು ಒಳ್ಳೆಯ ವಸ್ತು.

ಉಷ್ಣತೆ ಮತ್ತು ಸಮಯವನ್ನು ಒಂದೇ ತಕ್ಕಡಿಗೆ ಹಾಕುವ ಸೂತ್ರ ಇದೆ. ಓವರ್‌ಎಂಡ್ ಮತ್ತು ಶೊರ್ನೆ 1987ರಲ್ಲಿ ಕೊಟ್ಟದ್ದು, ಸಿವಿಯಾರಿಟಿ ಫ್ಯಾಕ್ಟರ್ ಅಂತ ಹುಡುಕಿ. ಅದರ ತಿರುಳು: 10 ಡಿಗ್ರಿ ಏರಿಸಿದರೆ ಬೇಕಾಗುವ ಸಮಯ ಸರಿಸುಮಾರು ಅರ್ಧ. 180 ಡಿಗ್ರಿಯಲ್ಲಿ 10 ನಿಮಿಷಕ್ಕೆ ಆಗುವುದು 121ರಲ್ಲಿ ಆಗಬೇಕಾದರೆ ಸುಮಾರು 9 ಗಂಟೆ ಬೇಕು. ಬರೀ ನೀರಿನಲ್ಲಿ ಬೇಯಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. 121ರಲ್ಲಿ ಕೆಲಸ ಆಗಬೇಕಾದರೆ ಆಸಿಡ್ ಅಥವಾ ಕಾಸ್ಟಿಕ್ ಬೇಕೇ ಬೇಕು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಬೆಂಡನ್ನು ಚೆನ್ನಾಗಿ ಒಣಗಿಸಿ, ಸುತ್ತಿಗೆಯಲ್ಲಿ ಒಡೆದು, ಆಮೇಲೆ ಮಿಕ್ಸಿಗೆ. ಇಡೀ ಬೆಂಡು ಹಾಕಿದರೆ ಮಿಕ್ಸಿ ಬ್ಲೇಡ್ ಹೋಗುತ್ತದೆ, ನಡುವಿನ ಮರದಂಥ ಉಂಗುರ ಬಲು ಗಟ್ಟಿ. 1–2 ಮಿಲಿಮೀಟರ್ ಜರಡಿ ಹಿಡಿಯಿರಿ. ಒಂದು ಕಂತಿಗೆ 1% ಗಂಧಕಾಮ್ಲ, ಇನ್ನೊಂದಕ್ಕೆ 1.5–2% ಕಾಸ್ಟಿಕ್. ಎರಡಕ್ಕೂ 10 ಗ್ರಾಂ ಪುಡಿಗೆ 100 ಮಿಲಿ ದ್ರಾವಣ. 121 ಡಿಗ್ರಿಯಲ್ಲಿ 30, 60, 90 ನಿಮಿಷ. ಗಾಜಿನ ಬಾಟಲಿಯನ್ನೇ ಬಳಸಿ, ಮುಚ್ಚಳ ಸಡಿಲ ಇರಲಿ. ಅಲ್ಯೂಮಿನಿಯಂ ಪಾತ್ರೆ, ಫಾಯಿಲ್ ಹತ್ತಿರ ಕಾಸ್ಟಿಕ್ ತರಬೇಡಿ. ಅಲ್ಯೂಮಿನಿಯಂ ಕರಗಿ ಹೈಡ್ರೋಜನ್ ಬರುತ್ತದೆ. ಆಸಿಡ್ ಕಲಸುವಾಗ ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ. ಕನ್ನಡಕ ಹಾಕಿ.

ತೊಳೆಯುವುದನ್ನು ಯಾರೂ ಬರೆಯುವುದಿಲ್ಲ. ಕಾಸ್ಟಿಕ್ ಹಾಕಿದ ಬೆಂಡು ಜಾರುಜಾರಾಗಿರುತ್ತದೆ. ಎಷ್ಟು ನೀರು ಹುಯ್ದರೂ ಪಿಎಚ್ 10ರಿಂದ ಇಳಿಯಲು ಸತಾಯಿಸುತ್ತದೆ. ಎಷ್ಟು ಲೀಟರ್ ಬಳಸಿದಿರಿ ಅಂತ ಬರೆದಿಡಿ. ನಿಮ್ಮ ರಿಪೋರ್ಟಿನಲ್ಲಿ ಅತ್ಯಂತ ಉಪಯೋಗದ ಅಂಕಿ ಅದೇ ಆಗಬಹುದು. ಕಾರ್ಖಾನೆಯವರು ಮೊದಲು ಕೇಳುವುದು ನೀರು.

ಹುಳಿಯೀಸ್ಟ್
ಆ 90% ಗುಟ್ಟನ್ನೂ ಹೇಳಿಬಿಡುತ್ತೇನೆ. 100 ಗ್ರಾಂ ಬೆಂಡು ಹಾಕಿದಿರಿ ಅಂತಿಟ್ಟುಕೊಳ್ಳಿ. ತೊಳೆದು ಒಣಗಿಸಿದಾಗ 55 ಗ್ರಾಂ ಉಳಿಯಿತು. ಆ 55ರಲ್ಲಿರುವ ಸೆಲ್ಯುಲೋಸಿನಲ್ಲಿ 90% ಸಕ್ಕರೆಯಾಯಿತು ಅಂತ ಬರೆಯುತ್ತಾರೆ. ಹೋದ 45 ಗ್ರಾಂ ಜೊತೆ ಎಷ್ಟು ಸಕ್ಕರೆ ಹೋಯಿತು? ಅದು ಟೇಬಲ್ಲಿನಲ್ಲಿ ಇರುವುದಿಲ್ಲ. ನೀವು ಯಾವಾಗಲೂ ಮೊದಲಿನ 100 ಗ್ರಾಂಗೇ ಲೆಕ್ಕ ಹಾಕಿ. ಪ್ರತಿ ಹಂತದಲ್ಲೂ ತೂಕ, ತೊಳೆದ ನೀರನ್ನೂ ಇಟ್ಟುಕೊಂಡು ಪರೀಕ್ಷೆ.

ಬಣ್ಣ ನೋಡಿ ಸಕ್ಕರೆ ಅಳೆಯುವ ಡಿಎನ್‌ಎಸ್ ಪರೀಕ್ಷೆ ಮಾಡ್ತೀರಿ ಅನ್ನಿಸುತ್ತದೆ. ಅದಕ್ಕೆ ಗ್ಲೂಕೋಸ್, ಕ್ಸೈಲೋಸ್ ಎಲ್ಲಾ ಒಂದೇ. ಬೆಂಡಿನಲ್ಲಿ ಎರಡೂ ಸಮ ಇರುವುದರಿಂದ ಇದು ಸಣ್ಣ ವಿಷಯ ಅಲ್ಲ. ಕಂದು ದ್ರಾವಣದ ಬಣ್ಣವೂ 540 ನ್ಯಾನೋಮೀಟರಿನಲ್ಲಿ ಓದಿಗೆ ಸೇರಿಕೊಳ್ಳುತ್ತದೆ, ಪ್ರತಿ ಸ್ಯಾಂಪಲ್ಲಿಗೂ ಅದರದ್ದೇ ಬ್ಲ್ಯಾಂಕ್ ಇಡಿ. ಕೆಲವು ಸ್ಯಾಂಪಲ್ಲಾದರೂ ಹೊರಗೆ ಎಚ್‌ಪಿಎಲ್‌ಸಿಗೆ ಕಳಿಸಿ, ಅದು ಒಂದೊಂದು ಸಕ್ಕರೆಯನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಎನ್‌ಜೈಮಿಗೆ ಪಿಎಚ್ 4.8–5, 50 ಡಿಗ್ರಿ, 72 ಗಂಟೆ.

ತುಂಗಭದ್ರಾ_22
ಮೇಡಂ, ಸರ್, ತುಂಬಾ ಥ್ಯಾಂಕ್ಸ್. ನಾವು ಹೀಗೆ ಬದಲಾಯಿಸ್ತೀವಿ. ಮೊದಲು ದುರ್ಬಲ ಆಸಿಡ್, ಕ್ಸೈಲೋಸ್ ನೀರನ್ನು ಬೇರೆ ತೆಗೆದಿಡೋದು. ಉಳಿದ ಗಟ್ಟಿಗೆ ಎನ್‌ಜೈಮ್, ಅದರ ಗ್ಲೂಕೋಸ್ ಮಾತ್ರ ಎಥನಾಲಿಗೆ. ಕಾಸ್ಟಿಕ್ ಕಂತು ಹೋಲಿಕೆಗೆ. ಕ್ಸೈಲೋಸ್ ನೀರಿಗೆ ಏನು ಮಾಡೋದು ಅನ್ನೋದೇ ಉಳಿದಿದೆ.

ಕುದಿಗಡಿಗೆ
ಈಗ ದಾರಿಗೆ ಬಂದಿರಿ. ಆ ನೀರನ್ನು ಎಥನಾಲಿಗೇ ತಳ್ಳಬೇಕು ಅಂತೇನಿಲ್ಲ. ಚೀನಾದಲ್ಲಿ ಬೆಂಡಿನಿಂದ ಕ್ಸೈಲೋಸ್, ಅದರಿಂದ ಕ್ಸೈಲಿಟಾಲ್ ಮಾಡುತ್ತಾರೆ, ಸಕ್ಕರೆರಹಿತ ಚೂಯಿಂಗ್ ಗಮ್ಮಿಗೆ ಹೋಗುವುದು ಅದೇ. ಹುಳಿಯೀಸ್ಟ್ ಮೇಡಂ ಬೈದ ಫರ್‌ಫ್ಯೂರಲ್ ಕೂಡ ಮಾರುವ ಮಾಲೇ. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 1920ರ ದಶಕದಲ್ಲೇ ಓಟ್ಸ್ ಹೊಟ್ಟಿನಿಂದ ಅದನ್ನು ತೆಗೆದು ಮಾರುತ್ತಿತ್ತು. ಅದೂ ಅಯೋವಾದಲ್ಲೇ. ಬೇಕಾದ್ದು ಯೀಸ್ಟಿನ ಟ್ಯಾಂಕಿಗೆ ಹೋಗದಂತೆ ನೋಡಿಕೊಳ್ಳುವುದು ಅಷ್ಟೇ. ನಿಮ್ಮ ಮಟ್ಟಕ್ಕೆ, ಆ ನೀರನ್ನು ಸುಣ್ಣ ಹಾಕಿ ತಟಸ್ಥ ಮಾಡಿ. ತಳದಲ್ಲಿ ಜಿಪ್ಸಮ್ ಕೂರುತ್ತದೆ, ಸೋಸಿ. ಆಮೇಲೆ ಸಣ್ಣ ಬಯೋಗ್ಯಾಸ್ ಬಾಟಲಿಗೆ ಸಗಣಿ ನೀರಿನ ಜೊತೆ ಹಾಕಿ ನೋಡಿ. ಸಗಣಿಯ ಸೂಕ್ಷ್ಮಜೀವಿಗಳು ಯೀಸ್ಟಿನಷ್ಟು ನಾಜೂಕಲ್ಲ.

ಅಯೋವಾ ಕನ್ನಡಿಗ
ಬೆಂಡು ಸುಟ್ಟು ಬೂದಿ ತೂಗುವ ಪರೀಕ್ಷೆ ಮರೆಯಬೇಡಿ. ಕಣದ ಬೆಂಡು ಮತ್ತು ಕಂಬೈನ್ ಉಗುಳಿದ ಬೆಂಡು ಎರಡನ್ನೂ ತಂದು ಹೋಲಿಸಿ. ಎರಡನೆಯದರಲ್ಲಿ ಎಷ್ಟು ಮಣ್ಣಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ತುಂಗಭದ್ರಾ_22
ಬೂದಿಗೆ ನಮ್ಮ ಓವನ್ ಸಾಕಾ ಸರ್?

ಹುಳಿಯೀಸ್ಟ್
ಸಾಲದು. 575 ಡಿಗ್ರಿ ಬೇಕು, ಮಫಲ್ ಫರ್ನೇಸ್. ನಿಮ್ಮ ಕೆಮಿಸ್ಟ್ರಿ ವಿಭಾಗದಲ್ಲಿ ಅಥವಾ ಸಿವಿಲ್‌ನವರ ಹತ್ತಿರ ಇರುತ್ತದೆ, ಲ್ಯಾಬ್ ಅಟೆಂಡರನ್ನು ಮೊದಲು ಮಾತಾಡಿಸಿ. ಒಣಗಿಸಲು ಓವನ್ 105 ಡಿಗ್ರಿ ಸಾಕು.

ಹೊಲದ ಬದು
ಎರಡೂ ತರಹದ ಬೆಂಡು ನನ್ನ ಹತ್ತಿರ ಇದೆ ತಂಗಿ. ಒಂದೊಂದು ಚೀಲ ತುಂಬಿ ಇಡುತ್ತೇನೆ, ಬಂದು ಒಯ್ಯಿರಿ. ಹೋದ ವರ್ಷದ ರಾಶಿಯನ್ನು ಮಾತ್ರ ಕೇಳಬೇಡಿ, ಮಳೆಗೆ ನೆನೆದು ಪೂರಾ ಬೂಸ್ಟು ಹಿಡಿದಿದೆ.

ಹುಳಿಯೀಸ್ಟ್
ಅಣ್ಣಾ, ಆ ಬೂಸ್ಟು ಹಿಡಿದದ್ದನ್ನೂ ಒಂದು ಸಣ್ಣ ಕವರಿನಲ್ಲಿ ಬೇರೆ ಕೊಡಿ. ಮಕ್ಕಳು ಮೂಗಿಗೆ ಮಾಸ್ಕ್ ಹಾಕಿಕೊಂಡು ಮುಟ್ಟಲಿ. ಲಿಗ್ನಿನ್ ತಿನ್ನುವ ಶಿಲೀಂಧ್ರ ಅದರಲ್ಲಿ ಇದ್ದರೂ ಇರಬಹುದು.